10 ಸೆಕೆಂಡ್ ಕೇಳಿದರೆ ಕಾರ್ಡ್ 1.41 ಸೆಕೆಂಡ್ ಕೊಡುವುದೇಕೆ?

ಪ್ರಶ್ನೆ: ಸರ್, ನಾನು ಹುಬ್ಬಳ್ಳಿ ಹತ್ತಿರ ಪಂಪ್‌ಸೆಟ್ ಪರೀಕ್ಷಿಸುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಹಳೆಯ ಪಿಸಿಐ ಡೇಟಾ ಅಕ್ವಿಸಿಷನ್ ಕಾರ್ಡ್ (ಸೆನ್ಸರ್‌ಗಳ ಸಿಗ್ನಲ್ ಅಳೆದು ಕಂಪ್ಯೂಟರ್‌ಗೆ ಕೊಡುವುದು) ಇದೆ: 12 ಬಿಟ್, 10 ಮೆಗಾಹರ್ಟ್ಸ್ ಕ್ರಿಸ್ಟಲ್, ಅದರ ಟಿಕ್ ಎಣಿಸಿ ಸ್ಯಾಂಪಲ್‌ಗೆ ಹೊತ್ತು ಹೇಳುವ 8254 ಟೈಮರ್ ಚಿಪ್, 1024 ಸ್ಯಾಂಪಲ್ ಹಿಡಿಯುವ ಫಿಫೊ (ತಾತ್ಕಾಲಿಕ ಮೆಮೊರಿ). ಕಾರ್ಡನ್ನು ನಡೆಸುವ ಲಿನಕ್ಸ್ ಡ್ರೈವರ್ ಬರೆದ ಎಂಜಿನಿಯರ್ ಕೆಲಸ ಬಿಟ್ಟು ಬಹಳ ವರ್ಷವಾಯಿತು. ಹೋದ ವರ್ಷ ಹಳೆಯ ಕಂಪ್ಯೂಟರ್ ತೆಗೆದು ಎರಡು ಕೋರ್‌ನದು ಹಾಕಿದೆವು. ಕರ್ನಲ್ (ಲಿನಕ್ಸ್‌ನ ತಿರುಳು) ಮಾತ್ರ 32 ಬಿಟ್‌ನದೇ. ಈಗ ಮೂರು ತೊಂದರೆ. ಬೇರಿಂಗ್ ಬಿಸಿ ನೋಡಲು 10 ಸೆಕೆಂಡಿಗೊಂದು ಸ್ಯಾಂಪಲ್ ಕೇಳಿದರೆ 1.41 ಸೆಕೆಂಡಿಗೊಂದು ಬರುತ್ತದೆ. (ಮೊದಲು 2 ಸೆಕೆಂಡಿಗೊಂದು ತೆಗೆಯುತ್ತಿದ್ದೆವು, ಅದು ಸರಿ ಇತ್ತು.) 1.41 ಅಂದರೆ ರೂಟ್ 2 ಅಲ್ವಾ, ಎಸಿ ಲೆಕ್ಕದಲ್ಲಿ ಬರುವ ಆರ್‌ಎಂಎಸ್‌ಗೂ ಇದಕ್ಕೂ ಸಂಬಂಧ ಇದೆಯಾ? ಎರಡನೆಯದು, ವೈಬ್ರೇಶನ್‌ಗೆ 7 ಕಿಲೋಹರ್ಟ್ಸ್‌ನಲ್ಲಿ 8 ಗಂಟೆ ರೆಕಾರ್ಡ್ ಮಾಡಿದರೆ ಫೈಲಿನ ಲೆಕ್ಕದಲ್ಲಿ ಹನ್ನೊಂದೂವರೆ ಸೆಕೆಂಡ್ ಜಾಸ್ತಿ ಬರುತ್ತದೆ. ಮೂರನೆಯದು, ಐದಾರು ದಿನಕ್ಕೊಮ್ಮೆ ಗ್ರಾಫ್‌ನಲ್ಲಿ 50 ಹರ್ಟ್ಸ್‌ನ ಗೆರೆ ಇದ್ದಕ್ಕಿದ್ದಂತೆ 36ಕ್ಕೆ ಹೋಗಿ ಕೂರುತ್ತದೆ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸರಿ. ಪತ್ತೆ ಮಾಡೋಣ ಅಂತ ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ (ಕಾರ್ಡ್ ಕರೆದಾಗ ಓಡುವ ಡ್ರೈವರ್ ಫಂಕ್ಷನ್) ಸಾವಿರ ಸಲಕ್ಕೊಮ್ಮೆ ಒಂದು ಸಾಲು ಪ್ರಿಂಟ್‌ಕೆ (ಕರ್ನಲ್‌ನಿಂದ ಸಂದೇಶ ಬರೆಸುವುದು) ಹಾಕಿದೆ, ಆಗ ದಿನಕ್ಕೆ ಹತ್ತು ಸಲ ಆಗತೊಡಗಿತು. ನಡುನಡುವೆ ‘ಓವರ್‌ರನ್’ ಎಂಬ ಸಂದೇಶ ಬರುತ್ತದೆ, ಆದರೆ ಪ್ರೋಗ್ರಾಂ ತಾನೇ ಮರುಶುರುವಾಗುವುದರಿಂದ ಅದರ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ. ಕ್ರಿಸ್ಟಲ್ ಹಾಳಾಗಿರಬೇಕು ಅನ್ನಿಸುತ್ತಿದೆ. ಬದಲಾಯಿಸಲೇ? ಡ್ರೈವರ್‌ನ ಮೂರು ಫಂಕ್ಷನ್ ಜೊತೆಗೆ ಕಳಿಸಿದ್ದೇನೆ.

ಉತ್ತರ: ಸೋಲ್ಡರಿಂಗ್ ಐರನ್ ಕೆಳಗಿಡಿ. ಕ್ರಿಸ್ಟಲ್ ಚೆನ್ನಾಗಿದೆ.

ನಾನೂ ಒಮ್ಮೆ ಇದೇ ಹಟಕ್ಕೆ ಬಿದ್ದು ಒಂದು ಕಾರ್ಡಿನ ಕ್ರಿಸ್ಟಲ್ ಬದಲಾಯಿಸಲು ಹೋಗಿದ್ದೆ. ಕಾಯಿಸಿ ಎಳೆಯುವಾಗ ಬೋರ್ಡಿನ ತಾಮ್ರದ ಪ್ಯಾಡ್ ಸಮೇತ ಕಿತ್ತು ಬಂತು. ತಪ್ಪಿದ್ದದ್ದು ನಾನೇ ಬರೆದ ಡ್ರೈವರ್‌ನ ಒಂದು ಸಾಲಿನಲ್ಲಿ. ಅವತ್ತಿನಿಂದ, ಟೈಮಿಂಗ್ ಕೆಟ್ಟಿದೆ ಅಂತ ಯಾರಾದರೂ ಬಂದರೆ ಮೊದಲು ಪೆನ್ಸಿಲ್ ಹಿಡಿದು ಲೆಕ್ಕ ಹಾಕುತ್ತೇನೆ, ಆಮೇಲೆ ಬೇರೆ ಎಲ್ಲ.

ನಿಮ್ಮ ಲೆಕ್ಕವನ್ನೇ ನೋಡಿ. ಇಂಥ ಕಾರ್ಡ್‌ಗಳ ಕ್ರಿಸ್ಟಲ್ ಸಾಮಾನ್ಯವಾಗಿ 50 ಪಿಪಿಎಂ, ಅಗ್ಗದ್ದಾದರೆ 100 ಪಿಪಿಎಂ. ಅಂದರೆ ಹತ್ತು ಲಕ್ಷಕ್ಕೆ 50 ಅಥವಾ 100ರಷ್ಟು ಆಚೀಚೆ. 8 ಗಂಟೆಗೆ 28,800 ಸೆಕೆಂಡ್. 50 ಪಿಪಿಎಂಗೆ 1.44 ಸೆಕೆಂಡ್ ತಪ್ಪಬಹುದು, 100ಕ್ಕೆ 2.88. ನಿಮಗೆ ತಪ್ಪುತ್ತಿರುವುದು 11.5 ಸೆಕೆಂಡ್, ಅಂದರೆ 400 ಪಿಪಿಎಂ. ಅಷ್ಟು ಕೆಟ್ಟ ಕ್ರಿಸ್ಟಲ್ ಸಿಗುವುದು ಕಷ್ಟ. ಇನ್ನು 10 ಸೆಕೆಂಡ್ 1.41 ಆಗಬೇಕಾದರೆ ಆ ಕ್ರಿಸ್ಟಲ್ ಸುಮಾರು 71 ಮೆಗಾಹರ್ಟ್ಸ್‌ನಲ್ಲಿ ಓಡಬೇಕು. ಹಾಗಾಗಿದ್ದರೆ ನಿಮ್ಮ 7 ಕಿಲೋಹರ್ಟ್ಸ್ ಕೂಡ ಏಳು ಪಟ್ಟು ಆಗಬೇಕಿತ್ತು. ಆಗಿಲ್ಲ. ಆದ್ದರಿಂದ ಮೂರಕ್ಕೂ ಒಂದೇ ಕಾರಣ ಹುಡುಕುವುದನ್ನು ಬಿಡಿ. ಇವು ಮೂರು ಬೇರೆ ಬೇರೆ ತಪ್ಪುಗಳು, ಒಂದೇ ಮನೆಯಲ್ಲಿ ವಾಸ ಮಾಡುತ್ತಿವೆ ಅಷ್ಟೇ.

ರೂಟ್ 2ರ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆ ಓದಿ ನಗು ಬಂತು, ಆದರೆ ಗೇಲಿಯ ನಗುವಲ್ಲ. ಎಲೆಕ್ಟ್ರಿಕಲ್ ಕಲಿತವರ ಕಣ್ಣಿಗೆ 1.41 ಕಂಡರೆ ರೂಟ್ 2 ನೆನಪಾಗದೆ ಇರುತ್ತದೆಯೇ? ಒಂದು ಪರೀಕ್ಷೆ ಮಾಡಿ. 10 ಸೆಕೆಂಡ್ ಕೇಳಿ, 101 ಸ್ಯಾಂಪಲ್ ತೆಗೆದು ಮೊದಲನೆಯದರಿಂದ ಕೊನೆಯದರವರೆಗಿನ ಸಮಯ ಅಳೆಯಿರಿ. (100 ಅಂತರ ಬೇಕಾದರೆ 101 ಸ್ಯಾಂಪಲ್ ಬೇಕು. ಐದು ಬೆರಳಿಗೆ ನಾಲ್ಕೇ ಸಂದು.) ರೂಟ್ 2 ಆಗಿದ್ದರೆ 141.4 ಸೆಕೆಂಡ್ ಬರಬೇಕು. 141.0 ಬರುತ್ತದೆ ಅನ್ನುತ್ತೇನೆ ನಾನು. ಯಾಕೆಂದರೆ ನಿಮ್ಮ ಸಂಖ್ಯೆ 1.4142 ಅಲ್ಲ, 1.410065408. ಈ ಸಂಖ್ಯೆಯನ್ನು ಡ್ರೈವರ್ ಬರೆಯುವವರು ಹಳೆಯ ನೆಂಟನಂತೆ ದೂರದಿಂದಲೇ ಗುರುತು ಹಿಡಿಯುತ್ತಾರೆ.

ನಿಮ್ಮ ಡ್ರೈವರ್ ಸಮಯವನ್ನು ನ್ಯಾನೋಸೆಕೆಂಡಿನಲ್ಲಿ ಲೆಕ್ಕ ಹಾಕುತ್ತದೆ. 10 ಸೆಕೆಂಡ್ ಅಂದರೆ 1000 ಕೋಟಿ ನ್ಯಾನೋಸೆಕೆಂಡ್. 32 ಬಿಟ್‌ನಲ್ಲಿ ಹಿಡಿಯುವುದು 429,49,67,295ರವರೆಗೆ ಮಾತ್ರ, ಅಂದರೆ 4.29 ಸೆಕೆಂಡ್. ಮಿಕ್ಕದ್ದು ಉರುಳಿ ಹೋಗಿ ಮತ್ತೆ ಸೊನ್ನೆಯಿಂದ ಶುರು. 1000 ಕೋಟಿಯಿಂದ 429,49,67,296ನ್ನು ಎರಡು ಸಲ ಕಳೆಯಿರಿ. ಉಳಿಯುವುದು 141,00,65,408. ಅದೇ ನಿಮ್ಮ 1.41 ಸೆಕೆಂಡ್. 2 ಸೆಕೆಂಡ್ ಕೇಳುತ್ತಿದ್ದಾಗ ಸರಿ ಇತ್ತು, ಯಾಕೆಂದರೆ ಅದು 4.29ರ ಒಳಗಿತ್ತು.

ನನ್ನ ಮಾತು ನಂಬಬೇಡಿ, ಕಾರ್ಡನ್ನೇ ಕೇಳಿ. ಕೋಡ್ ಮುಟ್ಟುವ ಮೊದಲು 5 ಸೆಕೆಂಡ್ ಕೇಳಿ ನೋಡಿ: 0.705 ಬರಬೇಕು. 8 ಕೇಳಿ: 3.705. 9 ಕೇಳಿ: 0.41. ಮೂರೂ ಹೀಗೇ ಬಂದರೆ ಇನ್ನು ಅನುಮಾನಕ್ಕೆ ಜಾಗವಿಲ್ಲ. ಬರದಿದ್ದರೆ ನಾನು ತಪ್ಪು, ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ.

ಈಗ ನೀವು ಹೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ: ‘ಸರ್, ಆ ವೇರಿಯಬಲ್ 64 ಬಿಟ್ ಇದೆಯಲ್ಲ!’ ಹೌದು, ಇದೆ. ನೀವು ಕಳಿಸಿದ ಫಂಕ್ಷನ್‌ನಲ್ಲಿ ಉತ್ತರ ಹೋಗಿ ಕೂರುವ ಜಾಗ 64 ಬಿಟ್‌ನದೇ. ಆದರೆ ಗುಣಾಕಾರ ಎಲ್ಲಿ ನಡೆಯುತ್ತಿದೆ ನೋಡಿ. ಎಡಗಡೆ ಸೆಕೆಂಡುಗಳು, ಅದು 32 ಬಿಟ್. ಬಲಗಡೆ ಕರ್ನಲ್‌ನ ಎನ್‌ಸೆಕ್_ಪರ್_ಸೆಕ್ (ಒಂದು ಸೆಕೆಂಡಿನ ನ್ಯಾನೋಸೆಕೆಂಡುಗಳು, 100 ಕೋಟಿ), ಅದು ‘ಲಾಂಗ್’. 64 ಬಿಟ್ ಕರ್ನಲ್‌ನಲ್ಲಿ ಲಾಂಗ್ ಅಂದರೆ 64 ಬಿಟ್, ನಿಮ್ಮ 32 ಬಿಟ್ ಕರ್ನಲ್‌ನಲ್ಲಿ 32. ಎರಡು 32 ಬಿಟ್ ಸಂಖ್ಯೆ ಗುಣಿಸಿದಾಗ ಸಿ ಭಾಷೆ 32 ಬಿಟ್‌ನಲ್ಲೇ ಗುಣಿಸುತ್ತದೆ, ಆಮೇಲಷ್ಟೇ ದೊಡ್ಡ ಜಾಗಕ್ಕೆ ಹಾಕುತ್ತದೆ. ಲೋಟದಲ್ಲಿ ಹಿಡಿದು, ತುಂಬಿ ಚೆಲ್ಲಿದ ಮೇಲೆ, ಉಳಿದದ್ದನ್ನು ಕೊಡಕ್ಕೆ ಸುರಿದ ಹಾಗೆ. ಕೊಡ ಎಷ್ಟು ದೊಡ್ಡದಿದ್ದರೆ ಏನು ಬಂತು? ಇದೇ ಸಾಲನ್ನು ನಿಮ್ಮ ಲ್ಯಾಪ್‌ಟಾಪ್‌ನ 64 ಬಿಟ್ ಕರ್ನಲ್‌ನಲ್ಲಿ ಕಂಪೈಲ್ ಮಾಡಿದರೆ ಸರಿಯಾಗಿಯೇ ಬರುತ್ತದೆ, ಅದಕ್ಕೇ ಇದು ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ತಮಾಷೆ ಅಂದರೆ, ಎರಡು ಸಾಲು ಕೆಳಗೆ ಭಾಗಾಕಾರಕ್ಕೆ ಆ ಎಂಜಿನಿಯರ್ 64 ಬಿಟ್‌ನ ‘ಡೂ_ಡಿವ್’ ಬಳಸಿದ್ದಾರೆ. ಭಾಗಿಸುವಾಗ 64 ಬಿಟ್ ನೆನಪಿತ್ತು, ಗುಣಿಸುವಾಗ ಮರೆತರು. ಅವರದ್ದು ಪೂರಾ ಮರೆವು ಅಂತಲೂ ಹೇಳಲಾರೆ. 32 ಬಿಟ್ ಕರ್ನಲ್‌ನಲ್ಲಿ 64 ಬಿಟ್ ಭಾಗಾಕಾರ ನೇರವಾಗಿ ಬರೆದರೆ ಲಿಂಕ್ ಆಗುವಾಗಲೇ ದೂರು ಬರುತ್ತದೆ, ಗುಣಾಕಾರಕ್ಕೆ ಬರುವುದಿಲ್ಲ. ಕಂಪೈಲರ್ ಬೈದ ಕಡೆ ತಿದ್ದಿದರು, ಬೈಯದ ಕಡೆ ಬಿಟ್ಟರು.

ತಿದ್ದುವುದು ಒಂದೇ ಪದ: ಗುಣಿಸುವ ಮೊದಲೇ ಸೆಕೆಂಡನ್ನು 64 ಬಿಟ್‌ಗೆ ಕಾಸ್ಟ್ ಮಾಡಿ, ಅಂದರೆ ಆ ಅಳತೆಗೆ ಬದಲಿಸಿ. ಜೊತೆಗೆ ಒಂದು ಮಿತಿ ಹಾಕಿ. 8254ರ ಒಂದೊಂದು ಕೌಂಟರ್ 16 ಬಿಟ್, ಎರಡನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಹೆಚ್ಚೆಂದರೆ 65,536 × 65,536 ಟಿಕ್. ಒಂದು ಟಿಕ್ 100 ನ್ಯಾನೋಸೆಕೆಂಡ್, ಹಾಗಾಗಿ ಒಟ್ಟು 429.49 ಸೆಕೆಂಡ್, ಏಳು ನಿಮಿಷ ಚಿಲ್ಲರೆ. ಅದಕ್ಕಿಂತ ಜಾಸ್ತಿ ಕೇಳಿದರೆ ಡ್ರೈವರ್ ‘ಆಗುವುದಿಲ್ಲ’ ಅನ್ನಬೇಕು. ಸುಮ್ನೆ ಏನೋ ಒಂದು ಕೊಟ್ಟು ಕಳಿಸಬಾರದು.

ಈ ಉರುಳುವ ಜಾತಿಯ ತಪ್ಪು ನಿಮಗೊಬ್ಬರಿಗೇ ಬಂದದ್ದಲ್ಲ. ವಿಂಡೋಸ್ 95 ಮತ್ತು 98 ಸತತವಾಗಿ 49.7 ದಿನ ಓಡಿದರೆ ನಿಂತುಬಿಡುತ್ತಿದ್ದವು. ಅಲ್ಲಿಯೂ ಇದೇ 32 ಬಿಟ್, ನ್ಯಾನೋಸೆಕೆಂಡ್ ಬದಲು ಮಿಲಿಸೆಕೆಂಡ್ ಅಷ್ಟೇ. ಲಿನಕ್ಸ್‌ನವರು ಇದಕ್ಕೆ ಒಂದು ಜಾಣ ಉಪಾಯ ಮಾಡಿದ್ದಾರೆ. ಕರ್ನಲ್‌ನ ‘ಜಿಫೀಸ್’ ಗಡಿಯಾರ ಸೊನ್ನೆಯಿಂದ ಶುರುವಾಗುವುದಿಲ್ಲ, 32 ಬಿಟ್ ಉರುಳುವುದಕ್ಕೆ 5 ನಿಮಿಷ ಇರುವಂತೆ ಶುರುವಾಗುತ್ತದೆ. ಯಾವ ಡ್ರೈವರ್‌ನಲ್ಲಿ ಉರುಳುವ ತಪ್ಪಿದೆಯೋ ಅದು ಬೂಟ್ ಆದ ಐದೇ ನಿಮಿಷಕ್ಕೆ ಸಿಕ್ಕಿಬೀಳಲಿ ಅಂತ. ಕಳ್ಳನನ್ನು ಹಿಡಿಯಲು ರಾತ್ರಿಯಿಡೀ ಕಾಯುವ ಬದಲು ಸಂಜೆಗೇ ಕತ್ತಲೆ ಮಾಡಿಟ್ಟ ಹಾಗೆ.

ಇನ್ನೊಂದು ಮಾತು, ಇದು ನನ್ನ ಅಭಿಪ್ರಾಯ. 10 ಸೆಕೆಂಡಿಗೊಂದು ಬೇರಿಂಗ್ ಉಷ್ಣತೆ ನೋಡಲು ಕಾರ್ಡಿನ ಟೈಮರ್ ಬೇಕೇ ಇಲ್ಲ. ಪ್ರೋಗ್ರಾಂನಿಂದಲೇ ಹತ್ತು ಸೆಕೆಂಡಿಗೊಮ್ಮೆ ಒಂದು ಸ್ಯಾಂಪಲ್ ಓದಿದರೆ ಸಾಕು. ಆದರೆ ‘ಸ್ಲೀಪ್ 10’ ಅಂತ ಬರೆಯಬೇಡಿ. ಓದಲು ಹಿಡಿದ ಸಮಯ ಪ್ರತಿ ಸಲ ಸೇರಿಕೊಂಡು ಸಂಜೆಯ ಹೊತ್ತಿಗೆ ಲಾಗ್ ಹಿಂದೆ ಬಿದ್ದಿರುತ್ತದೆ. ‘ಕ್ಲಾಕ್_ನ್ಯಾನೋಸ್ಲೀಪ್’ಗೆ ಇಂತಿಷ್ಟು ಗಂಟೆಗೆ ಎಬ್ಬಿಸು ಅಂತ ನಿಗದಿ ಸಮಯ ಕೊಡುವ ಬಗೆಯೊಂದಿದೆ. ಅದನ್ನು ಬಳಸಿ.

ಎರಡನೆಯದು, ಹನ್ನೊಂದೂವರೆ ಸೆಕೆಂಡ್. ಇದು ಬಗ್ ಅನ್ನುವುದಕ್ಕಿಂತ ಡ್ರೈವರ್ ಮುಚ್ಚಿಟ್ಟ ಸತ್ಯ. 10 ಮೆಗಾಹರ್ಟ್ಸನ್ನು 7000ದಿಂದ ಭಾಗಿಸಿ: 1428.57. ಕೌಂಟರ್‌ಗೆ ಚಿಲ್ಲರೆ ಗೊತ್ತಿಲ್ಲ, ಪೂರ್ಣ ಸಂಖ್ಯೆ ಬೇಕು. ಹತ್ತಿರದ್ದು 1429. ಆದರೆ ಎರಡು ಕೌಂಟರ್ ಸೇರಿ ಭಾಗಿಸಬೇಕಲ್ಲ, ಈ ಬಗೆಯಲ್ಲಿ ಒಂದೊಂದಕ್ಕೂ ಕನಿಷ್ಠ 2 ಇರಬೇಕು, 1 ನಡೆಯುವುದಿಲ್ಲ. 1429 ಅವಿಭಾಜ್ಯ ಸಂಖ್ಯೆ, ಎರಡಾಗಿ ಒಡೆಯುವುದಿಲ್ಲ. ಹಾಗಾಗಿ ಡ್ರೈವರ್ 2 × 714 = 1428 ಹಿಡಿದಿದೆ. ನಿಜವಾದ ವೇಗ 7002.8. ನಿಮ್ಮ ಫೈಲಿನ ತಲೆಯಲ್ಲಿ 7000 ಅಂತ ಬರೆದಿದೆ. 28,800 ಸೆಕೆಂಡಿಗೆ ವ್ಯತ್ಯಾಸ ಹಾಕಿ ನೋಡಿ: 11.52. ಕ್ರಿಸ್ಟಲ್ ಪಾಪ ಏನೂ ಮಾಡಿಲ್ಲ.

ಇದನ್ನು ಸರಿ ಮಾಡುವ ಕ್ರಮ ಕಾಮೆಡಿ ಚೌಕಟ್ಟಿನಿಂದ ಕಲಿಯಬಹುದು. ಹೆಸರು ಕೇಳಿ ನಗಬೇಡಿ, ಲಿನಕ್ಸ್‌ನಲ್ಲಿ ಅಳತೆ ಕಾರ್ಡ್‌ಗಳ ಡ್ರೈವರ್‌ಗಳ ದೊಡ್ಡ ಸಂಗ್ರಹವೇ ಅದು. ಡೇವಿಡ್ ಶ್ಲೀಫ್ ಶುರು ಮಾಡಿದ್ದು. 2009ರಲ್ಲಿ 2.6.29ರ ಹೊತ್ತಿಗೆ ಕರ್ನಲ್‌ನ ‘ಸ್ಟೇಜಿಂಗ್’ ಜಗುಲಿಗೆ ಬಂತು, 2021ರಲ್ಲಿ 5.13ಕ್ಕೆ ಒಳಮನೆಗೆ ಹೋಯಿತು. ಅಲ್ಲಿ ಅಳತೆ ಶುರು ಮಾಡುವ ಮೊದಲು ಪ್ರೋಗ್ರಾಂ ತನ್ನ ಕೋರಿಕೆಯನ್ನು ಪರೀಕ್ಷೆಗೆ ಕೊಡುತ್ತದೆ. ‘1,42,857 ನ್ಯಾನೋಸೆಕೆಂಡ್ ಬೇಕು’ ಅಂದರೆ, ಡ್ರೈವರ್ ಅದನ್ನು ಅಳಿಸಿ ‘1,42,800 ಕೊಡಬಲ್ಲೆ’ ಎಂದು ಬರೆದು ವಾಪಸ್ ಕೊಡುತ್ತದೆ. ಒಪ್ಪಿಗೆ ಇದ್ದರೆ ಮುಂದೆ. ನಿಮ್ಮ ಡ್ರೈವರ್ ಕೂಡ ಹಾಗೇ ನಿಜವಾದ ಅವಧಿಯನ್ನು ಹಿಂದಿರುಗಿಸಲಿ, ಪ್ರೋಗ್ರಾಂ ಅದನ್ನೇ ಫೈಲಿಗೆ ಬರೆಯಲಿ. ಅಂದಹಾಗೆ ಕಾಮೆಡಿಯಲ್ಲೂ ಅವಧಿಯ ಜಾಗ 32 ಬಿಟ್ ನ್ಯಾನೋಸೆಕೆಂಡೇ. 4.29 ಸೆಕೆಂಡ್ ದಾಟಿದ್ದನ್ನು ಅಲ್ಲೂ ಟೈಮರ್‌ಗೆ ಕೇಳಲಾಗದು.

ಅದಕ್ಕಿಂತ ಸುಲಭ ದಾರಿ: 7 ಕಿಲೋಹರ್ಟ್ಸ್ ಬಿಟ್ಟು 8 ಇಟ್ಟುಕೊಳ್ಳಿ. 1250 ಟಿಕ್, 2 × 625, ಒಂದು ನ್ಯಾನೋಸೆಕೆಂಡೂ ಉಳಿಯುವುದಿಲ್ಲ. 7 ಯಾಕೆ ಇಟ್ಟಿದ್ದೀರಿ ಅಂತ ಕೇಳಿದರೆ ‘ಮೊದಲಿಂದ ಹಾಗೇ ಇದೆ’ ಅನ್ನುತ್ತೀರಿ, ಅಲ್ವಾ?

ಅಳೆದು ನೋಡಲು ಕರೆಂಟಿನ 50 ಹರ್ಟ್ಸನ್ನು ನಂಬಬೇಡಿ. ನಮ್ಮ ಗ್ರಿಡ್‌ಗೆ 49.90ರಿಂದ 50.05ರವರೆಗೆ ಓಡಾಡಲು ನಿಯಮದಲ್ಲೇ ಅವಕಾಶ ಇದೆ. ನೀವು ಹುಡುಕುತ್ತಿರುವ ವ್ಯತ್ಯಾಸ 0.02 ಹರ್ಟ್ಸ್. ತೂಗುವ ಕಲ್ಲೇ ಅಲುಗಾಡುತ್ತಿದ್ದರೆ ತೂಕ ಏನು ನೋಡುತ್ತೀರಿ? ಒಂದು ಅಗ್ಗದ ಜಿಪಿಎಸ್ ಮಾಡ್ಯೂಲ್ ತನ್ನಿ, ಪಿಪಿಎಸ್ ಪಿನ್ ಇರುವಂಥದ್ದು. ಅದು ಸೆಕೆಂಡಿಗೆ ಸರಿಯಾಗಿ ಒಂದು ಪಲ್ಸ್ ಕೊಡುತ್ತದೆ. ಅದನ್ನು ಕಾರ್ಡಿನ ಒಂದು ಚಾನೆಲ್‌ಗೆ ಕೊಟ್ಟು 1000 ಸೆಕೆಂಡಿಗಿಂತ ತುಸು ಜಾಸ್ತಿ ರೆಕಾರ್ಡ್ ಮಾಡಿ, ಮೊದಲ ಏರಿಕೆಯಿಂದ ಸಾವಿರದ ಒಂದನೆಯ ಏರಿಕೆಯವರೆಗೆ ಸ್ಯಾಂಪಲ್ ಎಣಿಸಿ. ಈಗಿನ ಸ್ಥಿತಿಯಲ್ಲಿ 70,02,801ರ ಆಸುಪಾಸು ಬರಬೇಕು. ಮುನ್ನೂರು ನಾನೂರು ಆಚೀಚೆ ಆದರೆ ಅದು ಮಾತ್ರ ಕ್ರಿಸ್ಟಲ್‌ನ ಪಾಲು. ಜಿಪಿಎಸ್ ಆಂಟೆನಾ ಕಿಟಕಿಯ ಹೊರಗಿರಲಿ. ತಗಡಿನ ಶೆಡ್ ಒಳಗೆ ಅದು ಮೌನವ್ರತ ಹಿಡಿಯುತ್ತದೆ.

ಈಗ ಮೂರನೆಯದು, ನನಗೆ ನಿಜವಾಗಿ ಇಷ್ಟವಾದದ್ದು.

50ರ ಗೆರೆ 36ಕ್ಕೆ ಹೋಯಿತು ಅಂದಿರಿ. ನಿಮ್ಮೂರಿನ ಕರೆಂಟ್ 36 ಹರ್ಟ್ಸ್‌ಗೆ ಇಳಿದಿರಲಾರದು, ಇಳಿದಿದ್ದರೆ ಪೇಪರ್‌ನಲ್ಲಿ ಬರುತ್ತಿತ್ತು. ಹಾಗಾದರೆ ಸ್ಯಾಂಪಲ್ ವೇಗ ಏರಿದೆ, ಪ್ರೋಗ್ರಾಂ ಮಾತ್ರ ಇನ್ನೂ 7000 ಅಂದುಕೊಂಡಿದೆ. ನಿಜವಾದ ವೇಗ 7000 × 50 ÷ 36, ಸುಮಾರು 9722. ಇದರಿಂದ 10 ಮೆಗಾಹರ್ಟ್ಸ್ ಭಾಗಿಸಿದರೆ 1028.6 ಟಿಕ್. ಮೊದಲ ಕೌಂಟರ್ 2 ಇದ್ದೇ ಇದೆ. ಎರಡನೆಯದರಲ್ಲಿ 514ರ ಹತ್ತಿರ ಏನೋ ಇರಬೇಕು. ಇರಬೇಕಾದದ್ದು 714.

ಇಲ್ಲಿ ನಾನು ಸ್ವಲ್ಪ ಹೊತ್ತು ಕೂತೆ, ಚಹಾ ತರಿಸಿದೆ. 714, 514. 8254ರ ಕೌಂಟರ್ 16 ಬಿಟ್, ಆದರೆ ಅದಕ್ಕೆ ಬರೆಯುವ ಬಾಗಿಲು 8 ಬಿಟ್. ಒಂದೇ ಪೋರ್ಟಿಗೆ ಮೊದಲು ಕೆಳಗಿನ ಬೈಟ್, ಆಮೇಲೆ ಮೇಲಿನ ಬೈಟ್ ಬರೆಯಬೇಕು. ಯಾವುದು ಯಾವುದು ಅಂತ ಚಿಪ್ ಮುಖ ನೋಡಿ ತಿಳಿಯುವುದಿಲ್ಲ, ಬಂದ ಸರದಿಯಿಂದ ತಿಳಿಯುತ್ತದೆ. 714 ಅಂದರೆ 2 × 256 + 202. ಕೆಳಗಿನದು 202, ಮೇಲಿನದು 2. ಮತ್ತೆ 514 ಅಂದರೆ? 2 × 256 + 2. ಕೆಳಗೂ 2, ಮೇಲೂ 2!

ಅಂದರೆ ಇಬ್ಬರು ಒಟ್ಟಿಗೆ ಬರೆದಿದ್ದಾರೆ. ಒಬ್ಬ 202 ಬರೆದ. ಅವನು 2 ಬರೆಯುವ ಮೊದಲೇ ಇನ್ನೊಬ್ಬ ನುಗ್ಗಿ ತನ್ನ 202 ಬರೆದ. ಚಿಪ್ ಅದನ್ನು ಮೇಲಿನ ಬೈಟ್ ಅಂದುಕೊಂಡಿತು. ಆಮೇಲೆ ಇಬ್ಬರ 2 ಮತ್ತು 2 ಬಂದವು, ಒಂದು ಕೆಳಗಿನದು, ಒಂದು ಮೇಲಿನದು. ಕೊನೆಗೆ ಕೂತದ್ದು 514. ವೇಗ 9727.6, 50 ಹರ್ಟ್ಸ್ ಕಾಣುವುದು 35.98ರಲ್ಲಿ. ನಿಮ್ಮ ಗ್ರಾಫ್ ಸುಳ್ಳು ಹೇಳಿಲ್ಲ. ಬೈಟ್‌ಗಳ ಸಂಖ್ಯೆ ಸರಿಯಾಗಿ ನಾಲ್ಕೇ ಆದ್ದರಿಂದ ಸರದಿ ಮತ್ತೆ ಹೊಂದಿಕೊಂಡಿತು, ಅದಕ್ಕೇ ನಿಲ್ಲಿಸಿ ಶುರು ಮಾಡಿದರೆ ಎಲ್ಲ ಸರಿ.

ಆ ಇಬ್ಬರು ಯಾರು ಅನ್ನುವುದು ನೀವು ಕಳಿಸಿದ ಇನ್ನೆರಡು ಫಂಕ್ಷನ್‌ನಲ್ಲಿದೆ. ನೀವು ತಲೆ ಕೆಡಿಸಿಕೊಳ್ಳದ ‘ಓವರ್‌ರನ್’ ಇಲ್ಲೇ ಬರುತ್ತದೆ. ಫಿಫೊ ತುಂಬಿ ಚೆಲ್ಲಿದಾಗ ಇಂಟರಪ್ಟ್ ಹ್ಯಾಂಡ್ಲರ್ ಏನು ಮಾಡುತ್ತದೆ? ಮೊದಲು ಮಲಗಿರುವ ಪ್ರೋಗ್ರಾಂ ಎಬ್ಬಿಸುತ್ತದೆ, ಆಮೇಲೆ ತಾನೇ ಟೈಮರ್‌ಗೆ ಮತ್ತೆ ಸಂಖ್ಯೆ ತುಂಬುತ್ತದೆ. ಎದ್ದ ಪ್ರೋಗ್ರಾಂ ಏನು ಮಾಡುತ್ತದೆ? ದೋಷ ಕಂಡು ಮರುಶುರು ಕೇಳುತ್ತದೆ, ಆ ದಾರಿಯಲ್ಲೂ ಟೈಮರ್‌ಗೆ ಸಂಖ್ಯೆ ತುಂಬುತ್ತದೆ. ಹಳೆಯ ಒಂದೇ ಕೋರಿನ ಕಂಪ್ಯೂಟರ್‌ನಲ್ಲಿ ಇದರಿಂದ ಏನೂ ಆಗುತ್ತಿರಲಿಲ್ಲ. ಹ್ಯಾಂಡ್ಲರ್ ಮುಗಿಯುವವರೆಗೆ ಪ್ರೋಗ್ರಾಂಗೆ ಕೋರ್ ಸಿಗುತ್ತಲೇ ಇರಲಿಲ್ಲ. ಪ್ರೋಗ್ರಾಂ ಬರೆಯುವಾಗ ಹ್ಯಾಂಡ್ಲರ್ ನುಗ್ಗದಿರಲಿ ಅಂತ ಆ ಎಂಜಿನಿಯರ್ ‘ಲೋಕಲ್_ಐಆರ್‌ಕ್ಯೂ_ಸೇವ್’ ಹಾಕಿದ್ದಾರೆ. ಅವರ ಕಾಲಕ್ಕೆ, ಆ ಕಂಪ್ಯೂಟರ್‌ಗೆ ಅದು ಸರಿಯೇ ಇತ್ತು. ಆದರೆ ಅದು ಇಂಟರಪ್ಟ್ ತಡೆಯುವುದು ತಾನಿರುವ ಕೋರಿನಲ್ಲಿ ಮಾತ್ರ. ಎರಡು ಕೋರ್ ಬಂದ ದಿನ, ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಯಿತು. ಒಂದು ಕೋರಿನಲ್ಲಿ ಹ್ಯಾಂಡ್ಲರ್, ಇನ್ನೊಂದರಲ್ಲಿ ಪ್ರೋಗ್ರಾಂ, ಇಬ್ಬರೂ ಒಂದೇ ಪೋರ್ಟಿಗೆ.

ಪ್ರಿಂಟ್‌ಕೆ ಹಾಕಿದ ಮೇಲೆ ಯಾಕೆ ಜಾಸ್ತಿಯಾಯಿತು? ಸಾಮಾನ್ಯವಾಗಿ ರೇಸ್ ಬಗ್‌ಗಳು (ಹೀಗೆ ಇಬ್ಬರು ಒಟ್ಟಿಗೆ ನುಗ್ಗಿ ಆಗುವ ತಪ್ಪುಗಳು) ಪ್ರಿಂಟ್ ಹಾಕಿದೊಡನೆ ಮಾಯವಾಗುತ್ತವೆ. ನಿಮ್ಮದು ಉಲ್ಟಾ. ನಿಮ್ಮ ಬೂಟ್ ಸಾಲಿನಲ್ಲಿ ಕನ್ಸೋಲ್ (ಕರ್ನಲ್ ಸಂದೇಶಗಳು ಹೊರಬೀಳುವ ಜಾಗ) ಸೀರಿಯಲ್ ಪೋರ್ಟಿಗೆ ಹೋಗುತ್ತಿದೆಯೇ ನೋಡಿ, ಪಕ್ಕದಲ್ಲಿ ವೇಗ ಬರೆದಿರಲಾರದು. ಬರೆಯದಿದ್ದರೆ ಲಿನಕ್ಸ್ ಹಿಡಿಯುವುದು 9600 ಬಾಡ್. ಅಂದರೆ ಸೆಕೆಂಡಿಗೆ 960 ಅಕ್ಷರ. 80 ಅಕ್ಷರದ ಒಂದು ಸಾಲಿಗೆ 83 ಮಿಲಿಸೆಕೆಂಡ್. ಆ ಸಾಲು ಹೊರಗೆ ಹೋಗುವವರೆಗೆ ಹ್ಯಾಂಡ್ಲರ್ ಅಲ್ಲೇ ನಿಂತಿರುತ್ತದೆ. ಇತ್ತ ಫಿಫೊ ಅರ್ಧ ತುಂಬಿದಾಗ ಇಂಟರಪ್ಟ್ ಬಂದಿದೆ, ಉಳಿದ 512 ಸ್ಯಾಂಪಲ್ ತುಂಬಲು 73 ಮಿಲಿಸೆಕೆಂಡ್ ಸಾಕು. 83ಕ್ಕೆ 73 ಎಲ್ಲಿ ಕಾಯುತ್ತದೆ? ಪ್ರತಿ ಸಾಲಿಗೂ ಒಂದು ಓವರ್‌ರನ್, ಪ್ರತಿ ಓವರ್‌ರನ್‌ಗೂ ಇಬ್ಬರ ಓಟ. ಅದರಲ್ಲಿ ದಿನಕ್ಕೆ ಹತ್ತು ಸಲ ಡಿಕ್ಕಿ. ನೀವು ಬಗ್ ಹುಡುಕಲು ಹಾಕಿದ ದೀಪವೇ ಬಗ್‌ಗೆ ಎಣ್ಣೆ ಹೊಯ್ಯುತ್ತಿತ್ತು. ಇಂಥ ಜಾಗದಲ್ಲಿ ‘ಟ್ರೇಸ್_ಪ್ರಿಂಟ್‌ಕೆ’ ಬಳಸಿ. ಅದು ಮೆಮೊರಿಯಲ್ಲಿ ಗುರುತು ಹಾಕಿಕೊಂಡು ಸುಮ್ಮನಾಗುತ್ತದೆ, ನೀವು ಆಮೇಲೆ ನಿಧಾನಕ್ಕೆ ಓದಿಕೊಳ್ಳಬಹುದು.

ಆದರೆ ಆ ಪ್ರಿಂಟ್‌ಕೆಯನ್ನು ಈಗಲೇ ತೆಗೆಯಬೇಡಿ! ಐದು ದಿನಕ್ಕೊಮ್ಮೆ ಬರುವ ಬಗ್ಗನ್ನು ತಿದ್ದಿದ್ದೇನೆ ಅಂತ ಹೇಗೆ ಹೇಳುತ್ತೀರಿ? ದಿನಕ್ಕೆ ಹತ್ತು ಸಲ ಬರುವುದನ್ನು ತಿದ್ದುವುದು ಸುಲಭ. ಮೊದಲು ಹಳೆಯ ಡ್ರೈವರ್‌ನಲ್ಲೇ, ಪ್ರಿಂಟ್‌ಕೆ ಇಟ್ಟುಕೊಂಡೇ, ಎರಡು ದಿನ ಓಡಿಸಿ ಎಷ್ಟು ಸಲ ಆಯಿತು ಎಂದು ಬರೆದಿಡಿ. ಸಾಧ್ಯವಾದರೆ ಟೈಮರ್ ಬರೆಯುವ ಎರಡೂ ಜಾಗದಲ್ಲಿ, ಎರಡು ಬೈಟ್‌ಗಳ ನಡುವೆ 20 ಮೈಕ್ರೋಸೆಕೆಂಡ್ ತಡ ಹಾಕಿ. ಡಿಕ್ಕಿಯ ಕಿಂಡಿ ಅಗಲವಾಗಿ ಇನ್ನೂ ಬೇಗ ಬೀಳಬೇಕು. ಬಿದ್ದರೆ ರೋಗ ಇದೇ.

ಆಮೇಲೆ ತಿದ್ದಿ. ಎರಡು ಕೆಲಸ. ಮೊದಲನೆಯದು ಬೀಗ: ಪ್ರೋಗ್ರಾಂ ಕಡೆಯಲ್ಲಿ ‘ಸ್ಪಿನ್_ಲಾಕ್_ಐಆರ್‌ಕ್ಯೂಸೇವ್’, ಹ್ಯಾಂಡ್ಲರ್‌ನಲ್ಲಿ ಅದೇ ಲಾಕ್‌ಗೆ ‘ಸ್ಪಿನ್_ಲಾಕ್’. ಎರಡು ಕೌಂಟರ್‌ನ ನಾಲ್ಕೂ ಬೈಟ್ ಒಂದೇ ಬೀಗದೊಳಗೆ ಹೋಗಬೇಕು. ಒಂದೊಂದು ಬೈಟ್‌ಗೆ ಒಂದೊಂದು ಸಲ ಬೀಗ ಹಾಕಿ ತೆಗೆದರೆ ಹಾಕದಿದ್ದಂತೆಯೇ. ಪ್ರೋಗ್ರಾಂ ಕಡೆಯಲ್ಲಿ ಬರೀ ‘ಸ್ಪಿನ್_ಲಾಕ್’ ಹಾಕಿ ಇಂಟರಪ್ಟ್ ತೆರೆದಿಟ್ಟರೆ ಇನ್ನೂ ಕೆಟ್ಟದ್ದು. ಬೀಗ ಹಿಡಿದಿರುವ ಕೋರಿಗೇ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಅದೇ ಬೀಗಕ್ಕೆ ಕಾಯುತ್ತಾ ನಿಲ್ಲುತ್ತದೆ, ಬಿಡುವವನು ಅವನ ಕೆಳಗೇ ಸಿಕ್ಕಿಕೊಂಡಿರುತ್ತಾನೆ. ಆಗ ಕಂಪ್ಯೂಟರ್ ಅಲ್ಲಾಡುವುದಿಲ್ಲ, ಪವರ್ ಬಟನ್ನೇ ಗತಿ.

ಎರಡನೆಯದು ನನ್ನ ದೃಷ್ಟಿಯಲ್ಲಿ ಬೀಗಕ್ಕಿಂತ ಮುಖ್ಯ. ಹ್ಯಾಂಡ್ಲರ್‌ನಿಂದ ಮರುಶುರುವನ್ನು ಕಿತ್ತುಹಾಕಿ. ಓವರ್‌ರನ್ ಆದರೆ ಅದು ಟೈಮರ್ ನಿಲ್ಲಿಸಲಿ, ದೋಷದ ಗುರುತು ಹಾಕಲಿ, ಪ್ರೋಗ್ರಾಂ ಎಬ್ಬಿಸಲಿ, ಅಷ್ಟೇ. ಶುರು ಮಾಡುವ ಅಧಿಕಾರ ಒಬ್ಬರಿಗೇ ಇರಲಿ. ಕಾಮೆಡಿಯ ಡ್ರೈವರ್‌ಗಳೂ ಹೀಗೇ ದೋಷ ಹೇಳಿ ನಿಲ್ಲಿಸುತ್ತವೆ. ಡ್ರೈವರ್ ತಾನಾಗಿಯೇ ಚೇತರಿಸಿಕೊಳ್ಳುವುದು ಕೇಳಲು ಚೆಂದ. ಆದರೆ ಅದರಿಂದಲೇ ನೀವು ಒಂದು ವರ್ಷ ಓವರ್‌ರನ್ ಸಂದೇಶವನ್ನು ನೋಡಿಯೂ ನೋಡದ ಹಾಗೆ ಇದ್ದಿರಿ. ತಿದ್ದಿದ ಮೇಲೆ, ಹಾಕಿದ 20 ಮೈಕ್ರೋಸೆಕೆಂಡ್ ತಡವನ್ನೂ ಪ್ರಿಂಟ್‌ಕೆಯನ್ನೂ ಹಾಗೇ ಇಟ್ಟು ಒಂದು ವಾರ ಓಡಿಸಿ. 36ರ ಗೆರೆ ಒಂದು ಸಲವೂ ಬರಬಾರದು. ಆಮೇಲೆ ಎರಡನ್ನೂ ತೆಗೆಯಿರಿ, ಕನ್ಸೋಲ್‌ಗೆ 1,15,200 ಎಂದು ವೇಗ ಬರೆಯಿರಿ.

ಇಷ್ಟು ವರ್ಷದ ಹಳೆಯ ರೆಕಾರ್ಡಿಂಗ್‌ಗಳನ್ನು ಎಸೆಯಬೇಡಿ, ಬಹುಪಾಲು ಉಳಿಯುತ್ತವೆ. 7 ಕಿಲೋಹರ್ಟ್ಸ್ ಎಂದಿರುವ ಫೈಲ್‌ಗಳ ತಲೆಯಲ್ಲಿ ಅವಧಿಯನ್ನು 1,42,800 ನ್ಯಾನೋಸೆಕೆಂಡ್ ಎಂದು ತಿದ್ದಿದರೆ ಸಾಕು, ಡೇಟಾ ಮುಟ್ಟಬೇಕಿಲ್ಲ. 36ಕ್ಕೆ ಜಾರಿದ ಭಾಗಗಳಿಗೆ 1,02,800 ಎಂದು ಹಾಕಿ ಓದಿಸಿ, ಗೆರೆ ತಾನಾಗಿ 50ಕ್ಕೆ ಬಂದು ನಿಲ್ಲುತ್ತದೆ. ಆದರೆ ಜಾರಿದ ಆ ಒಂದು ಜಾಗದಲ್ಲಿ ಓವರ್‌ರನ್ ಆಗಿದೆ. ಅಲ್ಲಿ ಎಷ್ಟು ಸ್ಯಾಂಪಲ್ ಕಳೆದುಹೋಯಿತು ಎಂಬುದು ಫೈಲಿನಲ್ಲಿಲ್ಲ. ಅದರ ಹಿಂದಿನ ಮತ್ತು ಮುಂದಿನ ಭಾಗವನ್ನು ಎರಡು ಬೇರೆ ರೆಕಾರ್ಡಿಂಗ್ ಎಂದೇ ಇಟ್ಟುಕೊಳ್ಳಿ, ಪಂಪ್‌ಸೆಟ್‌ನವರಿಗೆ ಕೊಡುವ ವರದಿಯಲ್ಲೂ ಹಾಗೇ ಬರೆಯಿರಿ.